ದಾಸವಾಳದ ಜೊತೆ ಕತ್ತಲಲ್ಲಿ ಕೂತವರು

ಮೊನ್ನೆ ನಾನು ಸ್ಕೂಟಿಯಿಂದ ಬಿದ್ದೆ. ಬಿದ್ದೆ ಅನ್ನುವುದು ಸ್ವಲ್ಪ ದೊಡ್ಡ ಮಾತು. ನಿಂತ ಸ್ಕೂಟಿಯ ಮೇಲೆ ಕೂತು, ಪಕ್ಕದ ಮನೆಯವರ ಜೊತೆ ಮಾತಾಡುತ್ತ, ಮಾತಿನ ಭರದಲ್ಲಿ ಒಂದು ಕಡೆಗೆ ವಾಲುತ್ತ ವಾಲುತ್ತ ಹೋಗಿ ನೆಲ ಮುಟ್ಟಿದೆ. ಸ್ಕೂಟಿಗೆ ಏನೂ ಆಗಲಿಲ್ಲ. ನನ್ನ ಮೊಣಕೈ ತರಚಿತು. ದವಾಖಾನೆಯಲ್ಲಿ ನರ್ಸು ಹತ್ತಿಯನ್ನು ಕಂದು ಬಣ್ಣದ ಔಷಧದಲ್ಲಿ ಅದ್ದಿ ಒತ್ತುವಾಗ ಎರಡು ಹನಿ ಜಾರಿ ನನ್ನ ಸೆರಗಿನ ಮೇಲೆ ಬಿದ್ದವು. ಅವತ್ತು ಬೆಳಿಗ್ಗೆಯಷ್ಟೇ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಕಾಟನ್ ಸೀರೆ. ಕಂದು ಹನಿಗಳು ನೋಡನೋಡುತ್ತ ಕಡುನೀಲಿಯಾದವು.

ನರ್ಸು ಗಾಬರಿಯಾದಳು. ನಾನು ನಗತೊಡಗಿದೆ. ಮೊಣಕೈ ತರಚಿಕೊಂಡು ಬಂದು ತನ್ನಷ್ಟಕ್ಕೆ ನಗುವ ಐವತ್ತರ ಹೆಂಗಸನ್ನು ಕಂಡರೆ ಯಾರಿಗಾದರೂ ತಲೆಗೂ ಪೆಟ್ಟು ಬಿದ್ದಿರಬಹುದು ಅನ್ನಿಸುತ್ತದೆ. ಅವಳು ಡಾಕ್ಟರನ್ನು ಕರೆಯಲು ಹೊರಟಳು. ಗಂಜಿಯ ಮೇಲೆ ಅಯೋಡಿನ್ ಬಿದ್ದರೆ ನೀಲಿಯಾಗುವುದು ರೂಢಿ, ಇದರಲ್ಲಿ ನನ್ನ ರಕ್ತದ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿ ಕೂರಿಸಿದೆ. ನಗು ಮಾತ್ರ ಮನೆಗೆ ಬಂದರೂ ನಿಲ್ಲಲಿಲ್ಲ. ನನಗೆ ಬ್ಯಾಡಗಿಯ ಗುರುಬಸಪ್ಪನವರು ನೆನಪಾಗಿದ್ದರು.

ಅವರ ವಿಷಯ ಹೇಳುವ ಮೊದಲು ವಿಜ್ಞಾನದಲ್ಲಿ ನನ್ನ ಯೋಗ್ಯತೆ ಎಷ್ಟು ಎಂದು ನಿಮಗೆ ತಿಳಿಸಿಬಿಡುವುದು ಒಳ್ಳೆಯದು. ನಾನು ಹುಟ್ಟಿ ಬೆಳೆದದ್ದು ರಾಣೇಬೆನ್ನೂರಿನಲ್ಲಿ. ನಾಲ್ಕನೇ ಇಯತ್ತೆಯಲ್ಲಿ ನಮ್ಮ ಮಾಸ್ತರರು, ಎಲೆಯೇ ಗಿಡದ ಅಡುಗೆಮನೆ, ಗಿಡ ತನ್ನ ಊಟವನ್ನು ಅಲ್ಲೇ ತಯಾರಿಸಿಕೊಳ್ಳುತ್ತದೆ ಎಂದು ಹೇಳಿದರು. ನಾನು ಮನೆಗೆ ಬಂದವಳೇ ಹಿತ್ತಲಿನ ಪೇರಲ ಗಿಡದ ಎಲೆಯೊಂದಕ್ಕೆ ಕಿವಿ ಹಚ್ಚಿ ನಿಂತೆ. ಪಾತ್ರೆಯ ಸದ್ದೋ ಒಗ್ಗರಣೆಯ ಚಟಪಟವೋ ಏನಾದರೂ ಕೇಳಲೇಬೇಕಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಬಹಳ ಹೊತ್ತು ನೋಡಿ, ಏನು ಮಾಡುತ್ತಿದ್ದೀಯೆಂದು ಕೇಳಿದಳು. ಗಿಡದ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಕೇಳಿಸಿಕೊಳ್ಳುತ್ತಿದ್ದೇನೆ ಅಂದೆ. ಅವಳು ತಲೆ ಎತ್ತದೆ, "ನಮ್ಮ ಅಡಗಿಮನ್ಯಾಗ ಏನೈತಿ ಅಂತ ಒಂದಿನಾನೂ ಬಂದು ಕೇಳಿಲ್ಲ ನೀನು," ಅಂದಳು.

ಎಲೆಯಲ್ಲಿ ಏನೂ ಬೇಯುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನನಗೆ ಆ ಗಿಡದ ಬಗ್ಗೆ ಮರುಕ ಹುಟ್ಟಿತು. ಸಂಜೆ ನನ್ನ ತಟ್ಟೆಯಲ್ಲಿದ್ದ ಅನ್ನ ಸಾರನ್ನು ಅರ್ಧ ಒಯ್ದು ಅದರ ಬುಡದಲ್ಲಿ ಹೂತಿಟ್ಟೆ. ಮರುದಿನ ಬೀದಿಯ ಹಂದಿಯೊಂದು ಅನ್ನದ ವಾಸನೆ ಹಿಡಿದು ಬಂದು, ಬುಡ ಕೆದರಿ, ಗಿಡವನ್ನೇ ಉರುಳಿಸಿಹೋಯಿತು. ಇಂಥ ನನಗೆ ಮುಂದೆ ಸರಕಾರವು ಪ್ರೌಢಶಾಲೆಯ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ಕೆಲಸ ಕೊಟ್ಟಿತು. ಸರಕಾರಕ್ಕೆ ಪೇರಲ ಗಿಡದ ವಿಷಯ ಗೊತ್ತಿರಲಿಲ್ಲ.

ನೌಕರಿ ಸಿಕ್ಕದ್ದು ಬ್ಯಾಡಗಿಯಲ್ಲಿ. ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಿಗೆ ಬಂದಿಳಿದವರು ಮಾಡುವ ಮೊದಲ ಕೆಲಸವೆಂದರೆ ಸೀನುವುದು. ಸ್ಥಳೀಕರು ಸೀನುವುದಿಲ್ಲ, ನಾವು ರೂಢಿಯಾಗಿಬಿಟ್ಟಿದ್ದೇವೆ ಅನ್ನುತ್ತಾರೆ, ಅದು ಸುಳ್ಳು. ಮಾರುಕಟ್ಟೆಯ ಕಡೆಯಿಂದ ಗಾಳಿ ತಿರುಗಿದ ದಿನ ನಾನು ಹಾಜರಿ ಕರೆದರೆ ಅರ್ಧ ಮಕ್ಕಳು ಸೀನಿಯೇ ಉತ್ತರ ಕೊಡುತ್ತಿದ್ದರು. ಯಾರ ಸೀನು ಯಾರದೆಂದು ಮೂರು ತಿಂಗಳಲ್ಲಿ ನನಗೆ ಗುರುತಾಗಿ, ತಲೆ ಎತ್ತದೆಯೇ ಹಾಜರಿ ಹಾಕುವಷ್ಟು ಪಳಗಿದ್ದೆ.

ನಾನು ಬಾಡಿಗೆಗಿದ್ದದ್ದು ಗುರುಬಸಪ್ಪ ಮತ್ತು ನೀಲಮ್ಮ ಎಂಬ ದಂಪತಿಯ ಮನೆಯ ಮುಂದಿನ ಕೋಣೆಯಲ್ಲಿ. ಗುರುಬಸಪ್ಪನವರಿಗೆ ಅರವತ್ತು ದಾಟಿತ್ತು. ನಲವತ್ತು ವರ್ಷ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿದವರು. ಕಾಯಿಯನ್ನು ಬೆಳಕಿಗೆ ಹಿಡಿದು, ತಿರುವಿ ನೋಡಿ, ಇದರ ಬಣ್ಣ ಇಷ್ಟು ಎಂದು ಅವರು ಹೇಳಿದರೆ ಕೊಳ್ಳುವವನೂ ಮಾರುವವನೂ ಸುಮ್ಮನಾಗುತ್ತಿದ್ದರಂತೆ. ಸ್ವಂತ ಷಡ್ಡಕ ತಂದ ಬಣ್ಣಗೆಟ್ಟ ಮಾಲನ್ನು ಕೆಂಪು ಎಂದು ಹೇಳಲು ಒಪ್ಪದೆ, ಎರಡು ವರ್ಷ ಆ ಮನೆಯ ಮಾತುಕತೆ ಕಳೆದುಕೊಂಡಿದ್ದರು. ಅಂಥವರಿಗೆ ಹಾವೇರಿಯ ಡಾಕ್ಟರರು ಶುಗರ್ ಇದೆ ಎಂದು ಹೇಳಿದ ಮೇಲೆ ಅಂಗಡಿ ತಮ್ಮನ ಪಾಲಾಯಿತು, ಅವರು ನೀಲಮ್ಮನವರ ಪಾಲಾದರು.

ನೀಲಮ್ಮನವರು ಡಾಕ್ಟರರಿಗಿಂತ ಬಿಗಿ. ಬೆಳಿಗ್ಗೆ ಒಂದೂವರೆ ರೊಟ್ಟಿ, ಮಧ್ಯಾಹ್ನ ಒಂದು, ಉಳಿದದ್ದೆಲ್ಲ ತಪ್ಪಲ ಪಲ್ಯ: ಮೆಂತ್ಯ, ಪುಂಡಿ, ರಾಜಗಿರಿ, ಮತ್ತೆ ಮೆಂತ್ಯ. ಮನೆಯ ಬೆಲ್ಲವನ್ನು ತಮ್ಮ ಮದುವೆ ಸೀರೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಹಬ್ಬಕ್ಕೆ ಆ ಸೀರೆ ಉಟ್ಟರೆ ಅವರ ಹಿಂದೆ ಇರುವೆ ಸಾಲು ಹೊರಡುತ್ತಿತ್ತು. ಗುರುಬಸಪ್ಪನವರೂ ಒಂದು ಸಲ ಆ ಸೆರಗನ್ನು ಮೂಸಿ ಸಿಕ್ಕಿಬಿದ್ದರೆಂದು ನೀಲಮ್ಮನವರೇ ನನ್ನ ಹತ್ತಿರ ದೂರು ಹೇಳಿದ್ದರು. ಮನುಷ್ಯ ಹಸಿವಿನಿಂದ ಸಣ್ಣಗಾಗಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ಹೋಗುವವರನ್ನೆಲ್ಲ ಊಟ ಆಯಿತೇ ಎಂದು ಕೇಳುತ್ತಿದ್ದರು, ಆಯಿತು ಅಂದವರನ್ನು ನಿಲ್ಲಿಸಿ ಏನು ಊಟ ಎಂದು ವಿವರ ಕೇಳುತ್ತಿದ್ದರು.

ಹೀಗಿರುವಾಗ ಒಂದು ಶುಕ್ರವಾರ ನಮ್ಮ ಹೆಡ್‌ಮಾಸ್ತರರು, ಸೋಮವಾರ ಹಾವೇರಿಯಿಂದ ಸಾಹೇಬರು ತಪಾಸಣೆಗೆ ಬರುತ್ತಾರೆ, ವಿಜ್ಞಾನದ ಪಾಠ ನೋಡುತ್ತಾರೆ, ಪ್ರಯೋಗವನ್ನೇ ಮಾಡಿ ತೋರಿಸಬೇಕಂತೆ ಎಂದರು. ಒಂಬತ್ತನೆಯ ತರಗತಿಗೆ ಆಗ ನಡೆದಿದ್ದದ್ದು ದ್ಯುತಿಸಂಶ್ಲೇಷಣೆ. ಅದನ್ನು ಮೂರು ವರ್ಷದಿಂದ ಬೋರ್ಡಿನ ಮೇಲೆ ಒಬ್ಬ ನಗುವ ಸೂರ್ಯನನ್ನು ಬರೆದು, ಅವನಿಂದ ಎಲೆಯ ಮೇಲೆ ನಾಲ್ಕು ಬಾಣ ಬಿಟ್ಟು ಕಲಿಸುತ್ತಿದ್ದೆನೇ ಹೊರತು ಪ್ರಯೋಗವನ್ನು ಒಮ್ಮೆಯೂ ಮಾಡಿರಲಿಲ್ಲ. ಕಾಲೇಜಿನಲ್ಲೂ ಗೆಳತಿಯ ರೆಕಾರ್ಡು ಪುಸ್ತಕ ನೋಡಿ ಬರೆದವಳು. ಅವಳು ಯಾರದ್ದು ನೋಡಿ ಬರೆದಿದ್ದಳೋ.

ಪ್ರಯೋಗ ಕೇಳಲು ಸುಲಭ. ಕುಂಡದ ಗಿಡವನ್ನು ಎರಡು ದಿನ ಕತ್ತಲಲ್ಲಿಡಬೇಕು. ಎಲೆ ತಾನು ಕೂಡಿಟ್ಟ ಪಿಷ್ಟವನ್ನೆಲ್ಲ, ಅಂದರೆ ಗಂಜಿಯನ್ನು, ಖರ್ಚು ಮಾಡಿ ಖಾಲಿಯಾಗುತ್ತದೆ. ಆಮೇಲೆ ಒಂದು ಎಲೆಯ ನಡುವೆ ಕಪ್ಪು ಕಾಗದದ ಪಟ್ಟಿ ಮುಚ್ಚಿ, ಗಿಡವನ್ನು ಬಿಸಿಲಿಗಿಡಬೇಕು. ಕೆಲವು ತಾಸು ಬಿಟ್ಟು ಆ ಎಲೆಯನ್ನು ಕಿತ್ತು, ಸ್ಪಿರಿಟಿನಲ್ಲಿ ಕಾಯಿಸಿ ಹಸಿರು ತೆಗೆದು, ಅಯೋಡಿನ್ ಹಾಕಿದರೆ ಬಿಸಿಲು ಬಿದ್ದ ಭಾಗವೆಲ್ಲ ಕಡುನೀಲಿ. ಪಟ್ಟಿ ಮುಚ್ಚಿದ್ದ ಜಾಗ ಮಾತ್ರ ತಿಳಿ ಹಳದಿ. ಬೆಳಕಿಲ್ಲದಿದ್ದರೆ ಎಲೆಗೆ ಅನ್ನವಿಲ್ಲ. ಇಷ್ಟೇ.

ಸ್ಪಿರಿಟು ತರಲು ಔಷಧದ ಅಂಗಡಿಗೆ ನಾನೇ ಹೋದೆ. ಗಾಯ ಎಲ್ಲಿ ಎಂದು ಅವನು ಕೇಳಿದ. ಗಾಯವಿಲ್ಲ, ಎಲೆಯನ್ನು ಬೇಯಿಸಬೇಕು ಅಂದೆ. ಯಾವ ಎಲೆ ಎಂದ. ದಾಸವಾಳ ಅಂದೆ. ಅವನು ಬಾಟಲಿ ಕೊಟ್ಟ, ಆದರೆ ನಾನು ಬೀದಿಯ ತಿರುವು ದಾಟುವ ತನಕ ಹೊರಗೆ ಬಂದು ನೋಡುತ್ತಲೇ ನಿಂತಿದ್ದ. ಶನಿವಾರ ಶಾಲೆಯಲ್ಲಿ, ಬಾಟಲಿಯ ಸುದ್ದಿ ಆಗಲೇ ಮುಟ್ಟಿದ್ದ ಹೆಡ್‌ಮಾಸ್ತರರು ನನ್ನನ್ನು ಬದಿಗೆ ಕರೆದು, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ, ಮನಸ್ಸು ಬಿಚ್ಚಿ ಹೇಳಿರಿ ಎಂದು ಮೃದುವಾಗಿ ಕೇಳಿದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಅಂಗಳದಲ್ಲಿದ್ದ ದಾಸವಾಳದ ಕುಂಡವನ್ನು ಎತ್ತಿಕೊಂಡು, ಹಿಂದಿನ ಸಾಮಾನು ಕೋಣೆಗೆ ಸಾಗಿಸಿದೆ. ಹಿಂದೊಮ್ಮೆ ಮೆಣಸಿನಕಾಯಿ ಚೀಲ ಒಟ್ಟುತ್ತಿದ್ದ ಕೋಣೆ. ಕಿಟಕಿ ಮುಚ್ಚಿದರೆ ನಡುಹಗಲಲ್ಲೂ ಕೈ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಗುರುಬಸಪ್ಪನವರು ಬಂದು ನಿಂತರು.

"ಅಕ್ಕೋರ, ದಾಸಾಳ ಏನ್ ತಪ್ಪ ಮಾಡೇತ್ರಿ? ಕತ್ತಲ್ಯಾಗ ಯಾಕ ಕೂಡಿ ಹಾಕಾಕತ್ತೀರಿ?"

ನಾನು ಸಾಹೇಬರ ಮುಂದಿನ ಪಾಠದ ತಾಲೀಮೂ ಆದೀತೆಂದು ವಿಸ್ತಾರವಾಗಿ ಹೇಳಿದೆ. ಬೇರು ನೀರು ಕೊಡುತ್ತದೆ, ಎಲೆಯ ಅಡಿಯ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ, ಬಿಸಿಲಿನ ಬಲದಿಂದ ಎಲೆ ಇವೆರಡನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ, ಹೆಚ್ಚಾದದ್ದನ್ನು ಪಿಷ್ಟ ಮಾಡಿ ಕೂಡಿಡುತ್ತದೆ. ಸಕ್ಕರೆ ಎಂಬ ಮಾತು ಬಂದದ್ದೇ ಅವರು ಒಂದು ಹೆಜ್ಜೆ ಒಳಗೆ ಬಂದರು.

"ಅಂದ್ರ ಎಲಿಗೂ ಸಕ್ರಿ ಐತಿ ಅಂದಂಗಾತು."

"ಐತ್ರಿ."

"ಎರಡ ದಿನ ಕತ್ತಲ್ಯಾಗ ಕುಂತ್ರ ಇಳೀತೈತಿ?"

"ಪೂರಾ ಇಳೀತೈತ್ರಿ," ಅಂದೆ.

ಆ 'ಪೂರಾ' ಎಂಬ ಎರಡಕ್ಷರವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಇವತ್ತೂ ತೆಗೆದುಕೊಳ್ಳುತ್ತೇನೆ. ಅವರು, ಗಿಡಕ್ಕೆ ಗುಳಿಗೆ ಏನೂ ಹಾಕುವುದಿಲ್ಲವೇ ಎಂದು ಕೇಳಿದರು. ನಾನು ನಕ್ಕು, ಇಲ್ಲ, ಬರೀ ಕತ್ತಲೆ ಸಾಕು ಎಂದು ಹೇಳಿ ಕೋಣೆಗೆ ಹೋಗಿ ಪಾಠದ ಟಿಪ್ಪಣಿ ಬರೆಯುತ್ತ ಕೂತೆ. ಸಂಜೆಯ ಚಹದ ಹೊತ್ತಿಗೆ ನೀಲಮ್ಮನವರು ಬಂದರು. ಮುಖ ಬಿಳಿಚಿಕೊಂಡಿತ್ತು.

"ಅಕ್ಕೋರ, ನಮ್ಮನಿಯವರು ಹೋಗಿ ಗಿಡದ ಕೂಡ ಕುಂತಾರ."

ನಿಜವಾಗಿಯೂ ಕೂತಿದ್ದರು. ಒಂದು ಖುರ್ಚಿ, ಒಂದು ಕಂಬಳಿ, ಒಂದು ತಂಬಿಗೆ ನೀರು ಒಯ್ದು ಒಳಗಿನಿಂದ ಅಗುಳಿ ಹಾಕಿಕೊಂಡಿದ್ದರು. ಬಾಗಿಲು ಬಡಿದರೆ, ಬೆಳಕು ಬರುತ್ತದೆ, ಇಬ್ಬರದೂ ಕೆಡುತ್ತದೆ ಎಂದರು. ಇಬ್ಬರದೂ ಅಂದರೆ ತಮ್ಮದು ಮತ್ತು ದಾಸವಾಳದ್ದು. ಹೊರಗೆ ಬಂದೇ ಬರುತ್ತಾರೆಂದು ನಾವು ಕಾದೆವು. ಅವರು ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತು ವಾದಕ್ಕಿಳಿದೆ. ಒಂಬತ್ತನೆಯ ತರಗತಿಯ ಪಾಠವನ್ನು ಮುಚ್ಚಿದ ಬಾಗಿಲಿಗೆ ಹೇಳುವ ಅನುಭವ ನಿಮಗೆ ಇರಲಾರದು. ಸಕ್ಕರೆ ಮಾಡುವುದು ಎಲೆಯಲ್ಲಿರುವ ಹಸಿರು, ಅದಕ್ಕೆ ಪತ್ರಹರಿತ್ತು ಎನ್ನುತ್ತಾರೆ, ಮನುಷ್ಯರಲ್ಲಿ ಅದಿಲ್ಲ, ನೀವು ಹಸಿರಾಗಿಲ್ಲ ಎಂದೆ.

"ಹಸರ ಇಲ್ಲಂತ ಹೆಂಗ ಹೇಳ್ತೀರ್ರಿ?" ಎಂದು ಒಳಗಿನಿಂದ ದನಿ ಬಂತು. "ಒಂದ ವರ್ಷಾತು, ಬರೇ ತಪ್ಪಲಾ ತಿನ್ನಾಕತ್ತೇನಿ. ಹೊರಗ ಕಾಣ್ಲಿಕ್ಕಿಲ್ಲ. ಒಳಗ ಪೂರಾ ಹಸರ ಆಗಿರಬೇಕು."

ಅವರು ಇನ್ನೂ ಮುಂದೆ ಹೋದರು. ನಲವತ್ತು ವರ್ಷ ಮಾರುಕಟ್ಟೆಯ ಬಯಲಿನಲ್ಲಿ ಬಿಸಿಲಿಗೆ ನಿಂತು ಮಾಲು ನೋಡಿದವರು ತಾವು. ಅಂಗಡಿಯೊಳಗೆ ನೆರಳಲ್ಲಿ ಗಾದಿಯ ಮೇಲೆ ಕೂತವನು ತಮ್ಮ. ತಮಗೆ ಶುಗರ್ ಬಂತು, ತಮ್ಮನಿಗೆ ಬರಲಿಲ್ಲ. ಇದನ್ನು ಯಾವ ಡಾಕ್ಟರೂ ಇಷ್ಟು ದಿನ ಬಿಡಿಸಿ ಹೇಳಿರಲಿಲ್ಲ, ಅಕ್ಕೋರು ಹೇಳಿದರು. ಹೀಗೆ ಮಾತಿನ ಕೊನೆಯಲ್ಲಿ ಪ್ರತಿಸಲವೂ ಎಲ್ಲ ಕೀರ್ತಿಯನ್ನೂ ತಂದು ನನ್ನ ಕೊರಳಿಗೇ ಹಾಕುತ್ತಿದ್ದರು.

ಗುಳಿಗೆಯನ್ನಾದರೂ ನುಂಗಿರಿ ಎಂದು ನೀಲಮ್ಮನವರು ಬಾಗಿಲ ಸಂದಿಯಲ್ಲಿ ಕೈ ಚಾಚಿದರೆ, ಗಿಡ ನುಂಗಿದೆಯೇ ಎಂದು ಕೇಳಿದರು. ಮಧ್ಯಾಹ್ನ ಅದೇ ಸಂದಿಯಿಂದ ರೊಟ್ಟಿ ಪಲ್ಯದ ತಟ್ಟೆ ಒಳಗೆ ಹೋಗಿ, ಅರ್ಧ ರೊಟ್ಟಿ ಹಾಗೇ ತಿರುಗಿ ಬಂತು. ಒಂದು ವರ್ಷದಲ್ಲಿ ಆ ಮನುಷ್ಯ ತಟ್ಟೆಯಲ್ಲಿ ಏನನ್ನೂ ಉಳಿಸಿದ್ದಿಲ್ಲ. ನೀಲಮ್ಮನವರು ಆ ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೀವ ಹೇಳೀರಿ, ನೀವ ಬಿಡಸ್ರಿ," ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಅಲ್ಲಿಯ ತನಕ ನನಗೆ ನಗೆಪಾಟಲಿನಂತೆ ಕಂಡದ್ದು ಆಗ ಹಾಗೆ ಕಾಣಲಿಲ್ಲ. ಗುಳಿಗೆ ಬಿಟ್ಟ ಸಕ್ಕರೆ ಕಾಯಿಲೆಯ ಮನುಷ್ಯ, ಹಸಿವೂ ಇಲ್ಲವೆನ್ನುತ್ತಾನೆ, ಕತ್ತಲಲ್ಲಿ ಒಬ್ಬನೇ. ಏನಾದರೂ ಆಗಿಬಿಟ್ಟರೆ ಕಾರಣ ನನ್ನ ಒಂದು ಪಾಠ. ಸೋಮವಾರ ಬೆಳಿಗ್ಗೆ ಬರದಿದ್ದರೆ ಬಾಗಿಲು ಒಡೆಸುವುದು, ಸಾಹೇಬರ ತಪಾಸಣೆ ಹಾಳಾಗಿ ಹೋಗಲಿ, ಹಾವೇರಿಗೆ ಕರೆದುಕೊಂಡು ಹೋಗುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಒಡೆಸುವ ಪ್ರಸಂಗ ಬರಲಿಲ್ಲ. ಸೋಮವಾರ ಏಳಕ್ಕೆ ಅವರೇ ಅಗುಳಿ ತೆಗೆದು, ಕುಂಡವನ್ನು ಎದೆಗಪ್ಪಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಹೊರಬಂದರು. ಎರಡು ದಿನದ ಗಡ್ಡದಲ್ಲಿ ಮುಖ ಕಳೆಕಳೆಯಾಗಿತ್ತು. ಗುಳಿಗೆ ಮಾತ್ರ ಮುಟ್ಟಲಿಲ್ಲ. ಎಲೆಯ ಪರೀಕ್ಷೆ ಆಗಲಿ, ಆಮೇಲೆ ನೋಡೋಣ ಎಂದರು. ನಾನು ಅವಸರದಲ್ಲಿ ಒಂದು ಅಗಲವಾದ ಎಲೆಗೆ ಕಪ್ಪು ಕಾಗದದ ಪಟ್ಟಿ ಮಡಚಿ ನನ್ನ ತಲೆಪಿನ್ನುಗಳಿಂದ ಸಿಕ್ಕಿಸಿ, ಕುಂಡವನ್ನು ಅಂಗಳದ ಬಿಸಿಲಿಗಿಟ್ಟೆ. ಆಡು ಬಾರದಂತೆ ಕಾದು, ಮಧ್ಯಾಹ್ನ ಒಂದಕ್ಕೆ ಶಾಲೆಗೆ ತಲುಪಿಸುವ ಜವಾಬ್ದಾರಿಯನ್ನು ಅವರು ತಾವಾಗಿಯೇ ಕೇಳಿ ತೆಗೆದುಕೊಂಡರು. ತಮ್ಮ ಜೊತೆ ಕೂತಿದ್ದ ಗಿಡ, ಅದರ ಪರೀಕ್ಷೆಯನ್ನು ತಾವು ಕಣ್ಣಾರೆ ನೋಡಬೇಕು ಎಂದರು.

ಒಂದಕ್ಕೆ ಸರಿಯಾಗಿ ಶಾಲೆಯ ಮುಂದೆ ಆಟೋ ನಿಂತಿತು. ಕುಂಡವನ್ನು ಹೊತ್ತ ಗುರುಬಸಪ್ಪನವರು, ಅವರ ಹಿಂದೆ ಗುಳಿಗೆಯ ಡಬ್ಬಿ ಮತ್ತು ನೀರಿನ ತಂಬಿಗೆ ಹಿಡಿದ ನೀಲಮ್ಮನವರು. ಗುರುಬಸಪ್ಪನವರು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಹಿಡಿಸದೆ ಅಡ್ಡವಾಗಿ ಕೂತರು. ನೀಲಮ್ಮನವರು ಬಾಗಿಲಲ್ಲೇ ನಿಂತರು. ಮುಂದೆ ಖುರ್ಚಿಯ ಮೇಲೆ ಹಾವೇರಿಯ ಸಾಹೇಬರು. ಪಕ್ಕದಲ್ಲಿ ಹೆಡ್‌ಮಾಸ್ತರರು, ಸ್ಪಿರಿಟಿನ ಬಾಟಲಿಯ ಮೇಲೊಂದು ಕಣ್ಣಿಟ್ಟುಕೊಂಡು.

ಎಲೆ ಕಿತ್ತು, ಪಿನ್ನು ಬಿಚ್ಚಿ, ಬಿಸಿನೀರಿನಲ್ಲಿ ಕುದಿಸಿದೆ. ಸ್ಪಿರಿಟು ಹಾಕಿದ ನಳಿಕೆಯಲ್ಲಿ ಅದನ್ನಿಟ್ಟು, ನಳಿಕೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದೆ. ಸ್ಪಿರಿಟು ಹಸಿರಾಯಿತು, ಎಲೆ ಬಿಳಿಚಿಕೊಂಡಿತು. ಪುಸ್ತಕದಲ್ಲಿ ಬರೆದದ್ದು ಕಣ್ಣೆದುರು ಆಗುವುದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ನನಗೆ. ಎಲೆಯನ್ನು ತೊಳೆದು ಬಿಳಿ ತಟ್ಟೆಯಲ್ಲಿ ಹರಡಿ ಅಯೋಡಿನ್ ಹಾಕಿದೆ. ಎಲೆ ಕಡುನೀಲಿಯಾಗತೊಡಗಿತು. ತುದಿ ಆಯಿತು, ಎರಡೂ ಅಂಚು ಆಯಿತು. ನಡುವೆ ಪಟ್ಟಿ ಮುಚ್ಚಿದ್ದ ಜಾಗವೂ ಆಯಿತು. ಇಡೀ ಎಲೆ ಒಂದೇ ಸಮ ಕಪ್ಪು.

ನಾನು ಏನು ಮಾಡಬೇಕಿತ್ತು ಎಂದು ನಿಮಗೆ ಗೊತ್ತು. ಏನು ಮಾಡಿದೆ ಎಂದು ಹೇಳುತ್ತೇನೆ. ಪಠ್ಯಪುಸ್ತಕದ ಕನ್ನಡದಲ್ಲಿ, ಗಟ್ಟಿಯಾಗಿ, "ಮಕ್ಕಳೇ, ಕಾಗದ ಮುಚ್ಚಿದ್ದ ಭಾಗವು ನೀಲಿಯಾಗಿಲ್ಲ. ಕಾಣಿಸುತ್ತಿದೆಯೇ?" ಎಂದೆ.

"ಕಾಣಸ್ತೈತ್ರೀ," ಎಂದು ಇಡೀ ತರಗತಿ ಹೇಳಿತು.

ತಟ್ಟೆ ಹಿಡಿದು ಸಾಲುಸಾಲಿಗೆ ತಿರುಗಿದೆ. ಮಕ್ಕಳು ಬಗ್ಗಿ ನೋಡಿ, ತಲೆಯಾಡಿಸಿ, ನೋಟುಬುಕ್ಕಿನಲ್ಲಿ ಎಲೆ ಬರೆದು, ನಡುವೆ ಅಚ್ಚುಕಟ್ಟಾಗಿ ಖಾಲಿ ಜಾಗ ಬಿಟ್ಟು ಸುತ್ತ ಕಪ್ಪು ತುಂಬಿದರು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿ, ಸ್ಪಷ್ಟವಾಗಿದೆ ಎಂದರು. ಪುಸ್ತಕದ ಚಿತ್ರಕ್ಕಿಂತ ಇದರಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಹೆಡ್‌ಮಾಸ್ತರರು ಸೇರಿಸಿದರು. ಸುಳ್ಳು ಯಾಕೆ ಹೇಳಲಿ, ಮೂರನೆಯ ಸಾಲಿಗೆ ಬರುವ ಹೊತ್ತಿಗೆ ನನಗೂ ಎಲೆಯ ನಡುವೆ ಒಂದು ತಿಳಿ ಹಳದಿ ಪಟ್ಟಿ ಕಾಣತೊಡಗಿತ್ತು.

ಹಿಂದಿನ ಬೆಂಚಿಗೆ ಬಂದಾಗ ಗುರುಬಸಪ್ಪನವರು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಎದ್ದು ಕಿಟಕಿಯ ಹತ್ತಿರ ಹೋದರು. ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ತಿರುವಿದರು, ಮತ್ತೆ ಹಿಡಿದರು.

"ಅಕ್ಕೋರ, ತಪ್ಪ ತಿಳೀಬ್ಯಾಡ್ರಿ," ಎಂದರು. "ನಲವತ್ತು ವರ್ಷ ಬಣ್ಣ ನೋಡೇನಿ. ಇದರಾಗ ತಿಳಿ ಪಟ್ಟಿ ಇಲ್ಲ. ತುದಿಯಿಂದ ತೊಟ್ಟಿನ ತನಕಾ ಒಂದ ನಮೂನಿ ಕರೇಗೈತಿ."

ಯಾರೂ ಸೀನಲಿಲ್ಲ ಕೂಡ. ಸಾಹೇಬರು ತಿರುಗಿ, ತಾವು ಯಾರು ಎಂದು ಕೇಳಿದರು. ಗುರುಬಸಪ್ಪನವರು ಉತ್ತರ ಕೊಟ್ಟದ್ದು ನನಗೆ, ನೋಡುತ್ತಿದ್ದದ್ದು ಎಲೆಯನ್ನು.

"ಎಲಿ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಕಾಗದ ತಗದಾಂವ ನಾನು. ಎರಡ ದಿನ ಅದೂ ನಾನೂ ಕತ್ತಲ್ಯಾಗ ಕೂಡಿ ಕುಂತಿದ್ವಿ. ಅದಕ್ಕ ಏನೂ ಇರಲಿಲ್ಲ. ನನಗ ಉಂಡಿ ಇದ್ವು. ಹೊರಗ ಬಂದಮ್ಯಾಲೂ ನೀವು ಅದರ ಬಾಯಿ ಕಟ್ಟಿದ್ರಿ. ಹದಿನಾರು ಉಂಡಿ ತಿಂದಾಂವ ನಾನು ಮುಂದ ಕುಂತು ಅದನ್ನ ಹೆಂಗ ನೋಡ್ಲಿ? ನೀವು ಸಾಲಿಗೆ ಹೋದಕೂಡ್ಲೆ ಬಿಚ್ಚಿದ್ನಿ. ಆಟೋ ಬಂದಮ್ಯಾಲೆ ಮತ್ತ ಕಟ್ಟಿದ್ನಿ."

"ಹದಿನಾರು?" ಎಂದು ಬಾಗಿಲ ಕಡೆಯಿಂದ ನೀಲಮ್ಮನವರ ದನಿ ಬಂತು.

ಆಮೇಲೆ ತಿಳಿದದ್ದು ಇಷ್ಟು. ಐರಣಿಯಲ್ಲಿರುವ ನೀಲಮ್ಮನವರ ತಂಗಿ ಹಿಂದಿನ ವಾರ ಬಂದಾಗ ಒಂದು ಡಬ್ಬಿ ಶೇಂಗಾ ಉಂಡಿ ತಂದುಕೊಟ್ಟಿದ್ದಳು. ಟ್ರಂಕಿನಲ್ಲಿಟ್ಟರೆ ಗಂಡ ಮೂಸಿ ಹಿಡಿಯುತ್ತಾರೆಂದು ನೀಲಮ್ಮನವರು ಅದನ್ನು ಸಾಮಾನು ಕೋಣೆಯಲ್ಲಿ, ಹಳೆಯ ಚೀಲಗಳ ಹಿಂದೆ, ಮೆಣಸಿನಕಾಯಿಯ ಘಾಟಿನಲ್ಲಿ ಹುದುಗಿಸಿಟ್ಟಿದ್ದರು. ಗುರುಬಸಪ್ಪನವರನ್ನು ಆ ಕೋಣೆಗೆ ಎಳೆದದ್ದು ನನ್ನ ವಿಜ್ಞಾನವೋ ಆ ಡಬ್ಬಿಯೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವರು ಮಾತ್ರ ಕೊನೆಯ ತನಕ, ಮೊದಲು ವಿಜ್ಞಾನ, ಡಬ್ಬಿ ಸಿಕ್ಕದ್ದು ಆಮೇಲೆ, ಕೈ ತಡವುವಾಗ ಎಂದೇ ಹೇಳುತ್ತಿದ್ದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ, ತಗ್ಗಿದ ದನಿಯಲ್ಲಿ, "ಶೇಂಗಾದ್ವೇನ್ರಿ?" ಎಂದು ಕೇಳಿದರು. ಅವರಿಗೂ ಮೂರು ವರ್ಷದಿಂದ ಶುಗರ್ ಇತ್ತಂತೆ.

ಇಷ್ಟೆಲ್ಲ ಆದಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲ, ಸರಿಯಾಗಿ ನೋಡಿರಿ, ಸ್ವಲ್ಪ ತಿಳಿಯಾಗಿದೆ ಎಂದು ಇನ್ನೊಮ್ಮೆ ಹೇಳಿದ್ದರೂ ಮಕ್ಕಳು ಹೂಂ ಎನ್ನುತ್ತಿದ್ದರು, ಅದೇ ನನಗೆ ಹೆದರಿಕೆಯಾದದ್ದು. "ಅವರು ಹೇಳಿದ್ದು ಖರೇ ಐತಿ," ಎಂದೆ. "ಪಟ್ಟಿ ಇಲ್ಲ. ನಾನು ಸುಳ್ಳು ಹೇಳಿದೆ." ಆಮೇಲೆ ಒಬ್ಬಳು ರಬ್ಬರು ತೆಗೆದಳು, ಪಕ್ಕದವಳೂ ತೆಗೆದಳು. ಅಳಿಸಲು ಅಲ್ಲೇನಿತ್ತು, ಖಾಲಿ ಜಾಗವಲ್ಲವೇ. ಆದರೂ ಎಲ್ಲರೂ ಆ ಖಾಲಿಯನ್ನೇ ಉಜ್ಜತೊಡಗಿದರು.

ನೀಲಮ್ಮನವರು ಒಳಗೆ ಬಂದು ಗಂಡನ ಮುಂದೆ ಅಂಗೈಯಲ್ಲಿ ಗುಳಿಗೆ ಹಿಡಿದು ನಿಂತರು. ಅವರು ನುಂಗುವ ಮೊದಲು ನನ್ನನ್ನು ನೋಡಿದರು. ನಾನು ಬೋರ್ಡಿಗೆ ಬೆನ್ನು ಹಾಕಿ, ಪುಸ್ತಕದ ಕನ್ನಡ ಬಿಟ್ಟು, ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಬಿಸಿಲಿನಿಂದ ಸಕ್ಕರೆ ಮಾಡುವುದು ಎಲೆಗಷ್ಟೇ ಬರುತ್ತದೆ, ನಮಗೆ ಬರುವುದಿಲ್ಲ. ನಾವು ಅದು ಮಾಡಿಟ್ಟದ್ದನ್ನು ತಿನ್ನುವವರು. ಉಂಡೆಯ ಬೆಲ್ಲ ಕಬ್ಬಿನ ಎಲೆ ಹಿಡಿದ ಬಿಸಿಲು, ಶೇಂಗಾ ಅದರ ಬಳ್ಳಿಯ ಎಲೆ ಹಿಡಿದ ಬಿಸಿಲು. ಕತ್ತಲಲ್ಲಿ ಕೂತು ನೀವು ಎರಡು ದಿನ ಬಿಸಿಲನ್ನೇ ತಿಂದಿದ್ದೀರಿ ಎಂದೆ.

ಅವರು ಗುಳಿಗೆಯನ್ನು ಕೈಗೆ ತೆಗೆದುಕೊಂಡರು. "ಅಂದ್ರ ತಪ್ಪಿಸ್ಕೊಳ್ಳಾಕ ಜಾಗಾನ ಇಲ್ಲ," ಎಂದರು. ಗುಳಿಗೆ ನುಂಗಿ ನೀರು ಕುಡಿದರು.

ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ಆ ದಿನ ಏನೂ ಬರೆಯಲಿಲ್ಲ. ಗೇಟಿನ ಹತ್ತಿರ ನನಗೆ, ಪ್ರಯೋಗವನ್ನು ಇನ್ನೊಮ್ಮೆ ಮಾಡಿರಿ, ಏನು ಬಂತೋ ಅದನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿರಿ ಎಂದಷ್ಟೇ ಹೇಳಿ ಹೋದರು. ಮಂಗಳವಾರ ನಾನು ರಜೆ ಹಾಕಿ ದಂಪತಿಯ ಜೊತೆ ಬಸ್ಸಿನಲ್ಲಿ ಹಾವೇರಿಗೆ ಹೋದೆ. ಸಕ್ಕರೆ ಎಲ್ಲಿಗೋ ಏರಿತ್ತು. ಡಾಕ್ಟರರು ಕಾರಣ ಕೇಳಿದಾಗ ನಾನು ನೆಲ ನೋಡಿದೆ. ಗುರುಬಸಪ್ಪನವರು ನನ್ನ ಹೆಸರು ಎತ್ತದೆ, ಹದಿನಾರು ಉಂಡೆ ತಿಂದೆ ಎಂದು ಹೇಳಿ ಬೈಸಿಕೊಂಡರು. ಗುಳಿಗೆ ಹೆಚ್ಚಾಯಿತು, ದಿನಾ ಬೆಳಿಗ್ಗೆ ಬಿಸಿಲಲ್ಲಿ ನಡೆಯಬೇಕೆಂದೂ ಆಯಿತು. ಹೋಗುವಾಗ ಕಿಟಕಿಯ ಪಕ್ಕ ಬೇಡವೆಂದಿದ್ದವರು ಬರುವಾಗ ಬಿಸಿಲಿನ ಕಡೆಯ ಸೀಟಿನಲ್ಲೇ ಕೂತರು.

ಮುಂದಿನ ಸೋಮವಾರ ಪ್ರಯೋಗವನ್ನು ಮತ್ತೆ ಮಾಡಿದೆವು. ಈ ಸಲ ಕತ್ತಲ ಕೋಣೆಯಲ್ಲಿ ದಾಸವಾಳ ಒಂದೇ ಇತ್ತು, ಬೀಗದ ಕೈ ನೀಲಮ್ಮನವರ ಸೊಂಟದಲ್ಲಿತ್ತು. ಅಯೋಡಿನ್ ಬಿದ್ದ ಎಲೆಯ ಸುತ್ತ ಕಪ್ಪೇರಿ, ನಡುವೆ ತಿಳಿ ಹಳದಿಯ ಒಂದು ಪಟ್ಟಿ ಉಳಿಯಿತು. ಅದನ್ನು ಕಂಡು ನನಗೆ ಕುಣಿಯುವಷ್ಟು ಖುಷಿಯಾಗಿ, ಎಲ್ಲರಿಗೂ ಕಾಣಿಸಿತೇ ಎಂದು ಕೇಳಿದೆ. ಯಾರೂ ಕಾಣಿಸುತ್ತದೆ ಅನ್ನಲಿಲ್ಲ. ಮೊದಲ ಬೆಂಚಿನ ಹಸೀನಾ ಎದ್ದು ಮೇಜಿನ ಹತ್ತಿರ ಬಂದು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಮೂಗು ತಾಗುವಷ್ಟು ಬಗ್ಗಿ ನೋಡತೊಡಗಿದಳು. ನೋಡಿಯೇ ನೋಡಿದಳು. ಗಂಟೆ ಹೊಡೆಯುವ ಹೊತ್ತಾಗುತ್ತ ಬಂದಿತ್ತು.

"ನಡುವ ತಿಳಿ ಐತ್ರಿ," ಎಂದಳು. "ಆದ್ರ ಈ ಮಗ್ಗಲಿಗೆ ಅಂಚು ಒಂದೀಟು ಕರೇಗಾಗೇತ್ರಿ. ನೀವು ಪಿನ್ನು ಸಡಲ ಹಾಕಿದ್ರಿ."

ನಾನು ಬಗ್ಗಿದೆ. ಮೊದಲು ನನಗೆ ಏನೂ ಕಾಣಲಿಲ್ಲ. ತಟ್ಟೆಯನ್ನು ಕಿಟಕಿಗೆ ಒಯ್ದು ನೋಡಿದರೆ, ಕೂದಲೆಳೆಯಷ್ಟು, ಇತ್ತು. ತಿರುಗಿ ನೋಡುವಷ್ಟರಲ್ಲಿ ಅವಳು ನನ್ನ ಒಪ್ಪಿಗೆಗೆ ಕಾಯದೆ ಹೋಗಿ ತನ್ನ ಜಾಗದಲ್ಲಿ ಕೂತು, ಪೆನ್ಸಿಲು ನೆಕ್ಕಿ, ಆ ಅಂಚನ್ನು ಕಪ್ಪು ಮಾಡುತ್ತಿದ್ದಳು.